ಮನೆ ಮಗನ ಹೆಸರಿಗೆ ಬರೆಯುವ ಮುಂಚೆ

ಪ್ರಶ್ನೆ: ನನಗೆ 71 ವರ್ಷ. ತುಮಕೂರಿನಲ್ಲಿ ಎರಡು ಬೆಡ್‌ರೂಮಿನ ಸ್ವಂತ ಮನೆ ಇದೆ. ಯಜಮಾನರು ಹೋದ ಮೇಲೆ ಒಬ್ಬಳೇ ಇದ್ದೇನೆ. ಕುಟುಂಬ ಪಿಂಚಣಿ 14 ಸಾವಿರ ಬರುತ್ತದೆ. ಹೋದ ತಿಂಗಳು ಬಚ್ಚಲಲ್ಲಿ ಜಾರಿ ಬಿದ್ದೆ. ಅಂದಿನಿಂದ ಬೆಂಗಳೂರಿನ ಮಗ, ‘ಮನೆ ನನ್ನ ಹೆಸರಿಗೆ ದಾನಪತ್ರ ಮಾಡಮ್ಮ, ನಾನೇ ನೋಡಿಕೊಳ್ಳುತ್ತೇನೆ’ ಅನ್ನುತ್ತಾನೆ. ನೋಡಿಬಂದ ಒಂದು ವೃದ್ಧಾಶ್ರಮದಲ್ಲಿ 3 ಲಕ್ಷ ಠೇವಣಿ, ತಿಂಗಳಿಗೆ 18 ಸಾವಿರ ಕೇಳಿದರು. ಏನು ಮಾಡಲಿ?

ಉತ್ತರ: ಅಮ್ಮ, ಸದ್ಯಕ್ಕೆ ಯಾವ ಪತ್ರಕ್ಕೂ ಸಹಿ ಹಾಕಬೇಡಿ. ಮಗ ಕೆಟ್ಟವನು ಅಂತ ಹೇಳುತ್ತಿಲ್ಲ. ಆದರೆ ದಾನಪತ್ರ ರಿಜಿಸ್ಟರ್ ಆದರೆ ಮನೆ ಮಗನದ್ದು, ಬೇಸರವಾಯಿತು ಅಂತ ವಾಪಸ್ ಪಡೆಯಲು ಆಗುವುದಿಲ್ಲ. ಮನೆ ಮಗನಿಗೇ ಸೇರಲಿ ಅಂತಿದ್ದರೆ ಉಯಿಲು ಬರೆಯಿರಿ. ಇಬ್ಬರು ಸಾಕ್ಷಿಗಳು ಸಾಕು, ರಿಜಿಸ್ಟ್ರೇಷನ್ ಕಡ್ಡಾಯವೂ ಅಲ್ಲ. ನೀವಿರುವ ತನಕ ಯಾವಾಗ ಬೇಕಾದರೂ ಬದಲಾಯಿಸಬಹುದು.

ದಾನಪತ್ರವನ್ನೇ ಮಾಡುವುದಾದರೆ, ‘ತಾಯಿಗೆ ಊಟ, ವಾಸ, ಔಷಧಿ ನೋಡಿಕೊಳ್ಳಬೇಕು’ ಅನ್ನುವ ಷರತ್ತನ್ನು ಅದರಲ್ಲೇ ಬರೆಸಿ. ಬಾಯಿಮಾತು ಸಾಲದು. 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಸೆಕ್ಷನ್ನಿನಲ್ಲಿ ಆ ಷರತ್ತು ಮುರಿದರೆ ಪತ್ರವನ್ನು ರದ್ದು ಮಾಡಿಸಬಹುದು. ಮಧ್ಯಪ್ರದೇಶದ ತಾಯಿಯೊಬ್ಬರಿಗೆ ಸುಪ್ರೀಂ ಕೋರ್ಟ್ 2025ರ ಜನವರಿಯಲ್ಲಿ ಹೀಗೇ ಮನೆ ವಾಪಸ್ ಕೊಡಿಸಿತು. ಅವರ ಮಗ ನೋಡಿಕೊಳ್ಳುವ ಮಾತನ್ನು ಬರೆದುಕೊಟ್ಟಿದ್ದ, ಅದೇ ಕಾಪಾಡಿತು. ನಮ್ಮಲ್ಲಿ ಈ ಅರ್ಜಿ ಕೊಡುವುದು ಉಪವಿಭಾಗಾಧಿಕಾರಿಗೆ, ಅಂದರೆ ಎ.ಸಿ. ಕಚೇರಿಗೆ. ವಕೀಲರಿಲ್ಲದೆ ನೀವೇ ಹೋಗಬಹುದು.

ಇನ್ನು ಆಶ್ರಮ. ನಿಮ್ಮ ಪಿಂಚಣಿಗಿಂತ ತಿಂಗಳಿಗೆ 4 ಸಾವಿರ ಜಾಸ್ತಿ ಬೇಕು, ಅದೂ ಈಗಿನ ದರಕ್ಕೆ. ಠೇವಣಿ ಯಾವಾಗ, ಎಷ್ಟು ವಾಪಸ್, ಹಾಸಿಗೆ ಹಿಡಿದರೆ ಯಾರು ನೋಡುತ್ತಾರೆ ಅಂತ ಬರವಣಿಗೆಯಲ್ಲಿ ಕೇಳಿ. ಉತ್ತರ ಕೊಡಲು ಹಿಂದೆಮುಂದೆ ನೋಡಿದರೆ ಅಲ್ಲಿ ದುಡ್ಡು ಕಟ್ಟಬೇಡಿ. ಹೋಗಲೇಬೇಕು ಅನ್ನಿಸಿದರೆ ಮೊದಲು ಒಂದು ತಿಂಗಳು ಇದ್ದು ನೋಡಿ, ಮನೆ ಹಾಗೇ ಇರಲಿ.

ನನ್ನನ್ನು ಕೇಳಿದರೆ, ನಿಮಗೆ ಕಡಿಮೆ ಖರ್ಚಿನ ಮನೆ ಈಗಿರುವುದೇ. ಒಂದು ಕೋಣೆಯನ್ನು ಕೆಲಸಕ್ಕೆ ಹೋಗುವ ಹುಡುಗಿಗೆ ಬಾಡಿಗೆಗೆ ಕೊಡಿ. 11 ತಿಂಗಳ ಕರಾರು ಮಾಡಿಸಿ, ಆಧಾರ್ ಪ್ರತಿ ಇಟ್ಟುಕೊಳ್ಳಿ. ನಾಲ್ಕು ಕಾಸೂ ಬರುತ್ತದೆ, ರಾತ್ರಿ ಕೂಗಿದರೆ ಓಗೊಡಲು ಒಬ್ಬರಿರುತ್ತಾರೆ. ಸರ್ಕಾರದ ವೃದ್ಧಾಪ್ಯ ಪಿಂಚಣಿ ‘ಸಂಧ್ಯಾ ಸುರಕ್ಷಾ’ಕ್ಕೆ ಓಡಾಡಬೇಡಿ, ಬೇರೆ ಪಿಂಚಣಿ ಬರುವವರಿಗೆ ಅದು ಸಿಗುವುದಿಲ್ಲ. ಏನಾದರೂ ತೊಂದರೆ ಎದುರಾದರೆ 14567ಕ್ಕೆ ಫೋನ್ ಮಾಡಿ. ಅದು ಹಿರಿಯರ ಸಹಾಯವಾಣಿ, ಕರೆಗೆ ದುಡ್ಡಿಲ್ಲ.

ಇದೆಲ್ಲಕ್ಕೂ ಮುಂಚೆ ಬಚ್ಚಲು ಸರಿಮಾಡಿಸಿ. ಗೋಡೆಗೆ ಎರಡು ಸ್ಟೀಲ್ ಹಿಡಿಕೆ, ನೆಲಕ್ಕೆ ಜಾರದ ಮ್ಯಾಟ್, ಕೂತು ಸ್ನಾನ ಮಾಡಲು ಒಂದು ಪ್ಲಾಸ್ಟಿಕ್ ಸ್ಟೂಲ್. ಒಳಗಿನ ಚಿಲಕ ಹಾಕಬೇಡಿ. ಒಂದು ಬೀಗದ ಕೈ ಪಕ್ಕದ ಮನೆಯವರ ಹತ್ತಿರ ಇರಲಿ.