‘ಮನದಾಳದ ಬೀಗ’ ಲೇಖನದ ಕುರಿತು

ಮಾನ್ಯರೇ,

ಸಮ್ಮೋಹನ ಚಿಕಿತ್ಸೆಯನ್ನು ಕುರಿತ ನಿಮ್ಮ ಲೇಖನವನ್ನು ಎರಡು ಸಲ ಓದಿದೆ. ವಿಮಾನವೆಂದರೆ ನಡುಗುತ್ತಿದ್ದ ಮಹಿಳೆಯೊಬ್ಬರು ಒಂದೇ ಭೇಟಿಯಲ್ಲಿ ಸಮ್ಮೋಹನ ನಿದ್ರೆಗೆ ಜಾರಿ, ಮರೆತೇಹೋಗಿದ್ದ ಬಾಲ್ಯದ ಆಘಾತವೊಂದನ್ನು ಹೇಳಿಕೊಂಡು, ಗುಣಮುಖರಾಗಿ ಎದ್ದುಬರುವ ಕಥನ ಸರಾಗವಾಗಿ ಓದಿಸಿಕೊಳ್ಳುತ್ತದೆ. ಆದರೂ ಇದನ್ನು ಹೀಗೆಯೇ ಪ್ರಕಟಿಸಲಾರೆ.

ಮೊದಲನೆಯ ತೊಡಕು ‘ನಿದ್ರೆ’ ಎಂಬ ಪದ. ನಿದ್ರೆ ಎಂಬರ್ಥದ ಗ್ರೀಕ್ ಶಬ್ದದಿಂದ ಬಂದ ‘ಹಿಪ್ನಾಟಿಸಂ’ ಎಂಬ ಹೆಸರನ್ನು 1840ರ ದಶಕದಲ್ಲಿ ಬಳಕೆಗೆ ತಂದ ಸ್ಕಾಟ್ಲೆಂಡಿನ ವೈದ್ಯ ಜೇಮ್ಸ್ ಬ್ರೇಡ್, ಮುಂದೆ ಅದರ ಬಗ್ಗೆ ತಾವೇ ಅತೃಪ್ತರಾಗಿ, ಮನಸ್ಸು ಒಂದೇ ವಿಚಾರದಲ್ಲಿ ನೆಲೆಗೊಳ್ಳುವುದನ್ನು ಸೂಚಿಸುವ ಬೇರೊಂದು ಪದವನ್ನು ಮುಂದಿಟ್ಟರು. ಜನ ಹಳೆಯದನ್ನೇ ಉಳಿಸಿಕೊಂಡರು. ಸಮ್ಮೋಹನಕ್ಕೊಳಗಾದವರು ಎಚ್ಚರವಾಗಿಯೇ ಇದ್ದು, ಮಾತಿಗೆ ಉತ್ತರಿಸಬಲ್ಲರು, ಒಲ್ಲದ ಸೂಚನೆಯನ್ನು ತಳ್ಳಿಹಾಕಲೂ ಬಲ್ಲರು. ಆದರೆ ನಿಮ್ಮ ಬರಹದಲ್ಲಿ ಚಿಕಿತ್ಸಕರು ಮಂತ್ರವಾದಿಯಂತೆಯೂ ಆ ಮಹಿಳೆ ಕೀಲುಗೊಂಬೆಯಂತೆಯೂ ಕಾಣುತ್ತಾರೆ. (ತೂಗಾಡುವ ಗಡಿಯಾರವನ್ನಂತೂ ದಯವಿಟ್ಟು ತೆಗೆದುಬಿಡಿ.)

ಎರಡನೆಯದು ಇದಕ್ಕಿಂತ ಗಂಭೀರವಾದದ್ದು. ಸಮ್ಮೋಹನದಲ್ಲಿ ಹೊರಬಂದ ನೆನಪೆಲ್ಲ ನಿಜವೆಂದು ನೀವು ನಂಬಿ, ಆ ನಂಬಿಕೆಯ ಮೇಲೆಯೇ ಆಕೆಯ ಸೋದರಮಾವನನ್ನು ಅಪರಾಧಿಯಾಗಿ ನಿಲ್ಲಿಸಿದ್ದೀರಿ. ಈ ಸ್ಥಿತಿಯಲ್ಲಿ ನೆನಪು ಹೆಚ್ಚು ನಿಖರವಾಗುವುದಿಲ್ಲ, ನೆನಪಿನ ಮೇಲಿನ ಭರವಸೆ ಮಾತ್ರ ಹೆಚ್ಚಬಹುದು. ಹೀಗಾಗಿಯೇ ಅಮೆರಿಕದ ಹಲವು ನ್ಯಾಯಾಲಯಗಳು ಸಮ್ಮೋಹನದ ಬಳಿಕ ನೀಡಿದ ಸಾಕ್ಷ್ಯವನ್ನು ನಿರ್ಬಂಧಿಸಿವೆ. ‘ಆಗ ನಿಮ್ಮನ್ನು ಹೆದರಿಸಿದವರು ಯಾರು?’ ಎಂದು ನಿಮ್ಮ ಚಿಕಿತ್ಸಕರು ಕೇಳುತ್ತಾರಲ್ಲ, ಯಾರೋ ಹೆದರಿಸಿದ್ದಾರೆಂಬ ಸೂಚನೆ ಆ ಪ್ರಶ್ನೆಯಲ್ಲೇ ಅಡಗಿದೆ. ಬೇರೆ ಆಧಾರವಿಲ್ಲದಿದ್ದರೆ ಆ ಭಾಗವನ್ನು ಪೂರ್ತಿ ಕೈಬಿಡಬೇಕು.

ಹಾಗೆಂದು ಈ ವಿಧಾನವೇ ಪೊಳ್ಳೆಂದು ನಾನು ಹೇಳುತ್ತಿಲ್ಲ. ಆತಂಕ, ನೋವು, ಕರುಳಿನ ಕೆಲವು ದೀರ್ಘಕಾಲದ ತೊಂದರೆಗಳಲ್ಲಿ ಇದು ನೆರವಾಗಬಲ್ಲದು. ತರಬೇತಾದ ಮನೋಚಿಕಿತ್ಸಕರು ಇದನ್ನು ಸಾಮಾನ್ಯವಾಗಿ ಬೇರೆ ಚಿಕಿತ್ಸೆಯ ಜೊತೆಗೆ ಬಳಸುತ್ತಾರೆ. ಭ್ರಮೆ, ಭ್ರಾಂತಿಗಳಿರುವ ತೀವ್ರ ಮನೋರೋಗಗಳಲ್ಲಿ ಹಾನಿಯಾಗುವ ಸಂಭವವಿರುವುದರಿಂದ ಮೊದಲು ರೋಗನಿರ್ಣಯ ನಡೆಯಲೇಬೇಕು. ನಿಮ್ಮ ಚಿಕಿತ್ಸಕರು ಅಂಥ ಒಂದು ಪ್ರಶ್ನೆಯನ್ನೂ ಕೇಳುವುದಿಲ್ಲ.

ಮರಳಿ ಬರೆಯುವಾಗ ಆ ಮಹಿಳೆಯ ಶ್ರಮಕ್ಕೆ ಜಾಗ ಕೊಡಿ. ಕಣ್ಮುಚ್ಚಿ ಕುಳಿತು, ವಿಮಾನದ ಬಾಗಿಲು ಮುಚ್ಚುವ ಕ್ಷಣವನ್ನು ಕಲ್ಪಿಸಿಕೊಂಡು, ಉಸಿರನ್ನು ಹದಕ್ಕೆ ತರುವ ಅಭ್ಯಾಸವನ್ನು ಆಕೆ ಮನೆಯಲ್ಲಿ ಎಷ್ಟು ದಿನ ಮಾಡಿದರು, ಯಾವಾಗ ಸೋತರು? ಎಲ್ಲಕ್ಕಿಂತ ಮಿಗಿಲಾಗಿ, ಚಿಕಿತ್ಸೆಯ ನಂತರ ಆಕೆ ವಿಮಾನ ಹತ್ತಿದರೇ ಎಂಬುದು ಲೇಖನದಲ್ಲಿ ಎಲ್ಲಿಯೂ ಇಲ್ಲ. ಅದನ್ನು ಅವರನ್ನೇ ಕೇಳಿ ತಿಳಿದುಕೊಂಡು ಮತ್ತೆ ಕಳುಹಿಸಿ.

ಸಂಪಾದಕ