ಎಂಟು ತಿಂಗಳಿಂದ ಹಸಿ ತರಕಾರಿ, ಆದರೆ ಒಲೆ ಒಂದು ದಿನವೂ ಆರಿಲ್ಲ

ಈ ವಾರ ಬಂದ ಪತ್ರಗಳಲ್ಲಿ ಒಂದನ್ನು ಓದಿ ಪಕ್ಕಕ್ಕಿಟ್ಟೆ. ರಾತ್ರಿ ಮತ್ತೆ ತೆಗೆದು ಓದಿದೆ. ಮೂರನೇ ಸಲಕ್ಕೆ ಸಿಟ್ಟೇ ಬಂತು. ಬರೆದವರು ದಾವಣಗೆರೆಯವರು. ಪಿ.ಜೆ. ಬಡಾವಣೆಯಲ್ಲಿ ಮನೆ, ಪೇಟೆಯಲ್ಲಿ ಬಟ್ಟೆ ಅಂಗಡಿ, ವಯಸ್ಸು 43. ಹೆಸರು ಹಾಕಬೇಡಿ ಅಂದಿದ್ದಾರೆ, ಹಾಕಲ್ಲ. ನಾನೂ ಅದೇ ಊರಿನವಳು, ವಯಸ್ಸಿನಲ್ಲಿ ದೊಡ್ಡವಳು, ಹಾಗಾಗಿ ತಮ್ಮಾ ಅಂತಲೇ ಕರೆಯುತ್ತೇನೆ.

ವಿಷಯ ಇಷ್ಟು. ಮದುವೆಯಾಗಿ 16 ವರ್ಷ, ಎರಡು ಮಕ್ಕಳು, ಜೊತೆಗೆ ತಾಯಿ. ಪ್ರತಿ ಭಾನುವಾರ ಬೆಳಿಗ್ಗೆ ಗಂಡ ಹೆಂಡತಿ ಒಂದೇ ಹೋಟೆಲ್‌ಗೆ ಹೋಗಿ, ಒಂದೇ ಮೂಲೆಯಲ್ಲಿ ಕೂತು ಬೆಣ್ಣೆ ದೋಸೆ ತಿಂದು ಬರುತ್ತಿದ್ದರು. ಎಂಟು ತಿಂಗಳ ಹಿಂದೆ ಬೆಂಗಳೂರಿನಲ್ಲಿ ಅಣ್ಣನ ಮಗನ ನಿಶ್ಚಿತಾರ್ಥ. ರಾತ್ರಿ ಹುಡುಗರೆಲ್ಲ ಸೇರಿ ಮನೆಯವರನ್ನು ಒಂದು ಥಾಯ್ ಹೋಟೆಲ್‌ಗೆ ಕರೆದುಕೊಂಡು ಹೋದರಂತೆ. ಇವರಿಗೆ ಅಲ್ಲಿ ಮೊಸರನ್ನ ಸಿಗಲಿಲ್ಲ, ಮುಖ ಊದಿಸಿಕೊಂಡು ಕೂತರು. ಹೆಂಡತಿ ಮಾತ್ರ ಹಸಿ ಪಪ್ಪಾಯಿ ಕಾಯಿಯ ತುರಿಗೆ ಶೇಂಗಾ, ನಿಂಬೆಹಣ್ಣು, ಹಸಿಮೆಣಸಿನಕಾಯಿ ಹಾಕಿ ಕುಟ್ಟಿದ ಸಲಾಡ್ ತಿಂದು, ಇನ್ನೊಂದು ಪ್ಲೇಟ್ ಹೇಳಿದರು. ಊರಿಗೆ ಬಂದ ಮೇಲೆ ಅದೇನೋ ವಿಡಿಯೋಗಳನ್ನು ನೋಡಿ ಬೇಯಿಸಿದ್ದನ್ನು ತಿನ್ನುವುದೇ ಬಿಟ್ಟರು. ಬೆಳಿಗ್ಗೆ ಸೋರೆಕಾಯಿ ಜ್ಯೂಸ್, ಮಧ್ಯಾಹ್ನ ಮೊಳಕೆ ಕಾಳು, ಸೌತೆಕಾಯಿ, ರಾತ್ರಿ ಹಣ್ಣು. ಕಾಯಿಸಿದ್ದು ಅಂತ ಹಾಲು ಮೊಸರೂ ಇಲ್ಲ. ಏಳು ಕೆಜಿ ಇಳಿದಿದ್ದಾರೆ. ಭಾನುವಾರ ಬೇರೆ ಕಡೆ ಹೋಗೋಣ, ಏನಾದರೂ ಹೊಸದು ತಿನ್ನೋಣ ಅಂತ ಸ್ವಲ್ಪ ದಿನ ಕೇಳಿದರು. ಇವರು ಒಲ್ಲೆ ಅಂದರು. ಈಗ ಆಕೆ ಹೋಟೆಲ್‌ಗೆ ಬರುವುದೇ ಇಲ್ಲ. "ಅವಳನ್ನು ಮೊದಲಿನ ಹಾಗೆ ದೋಸೆಗೆ ಕರೆತರುವುದು ಹೇಗೆ, ದಾರಿ ತೋರಿಸಿ" ಎಂದು ಕೇಳಿದ್ದಾರೆ.

ತಮ್ಮಾ, ನಿಮ್ಮ ಪತ್ರ ನಾಲ್ಕು ಪುಟ ಇದೆ. ಅದರಲ್ಲಿ ದೋಸೆಗೇ ಒಂದೂವರೆ ಪುಟ. ಮೂರನೇ ಪುಟದ ಕೊನೆಯಲ್ಲಿ ಬ್ರಾಕೆಟ್ ಹಾಕಿ ಒಂದು ಮಾತು ಬರೆದಿದ್ದೀರಿ. "ನಮಗೆ ಅಡುಗೆಗೇನೂ ಕೊರತೆ ಮಾಡಿಲ್ಲ, ಆ ವಿಷಯದಲ್ಲಿ ಮಾತಾಡುವ ಹಾಗಿಲ್ಲ. ಎಲ್ಲರಿಗೂ ಮಾಡಿಟ್ಟು ತಾನು ಅಡುಗೆಮನೆ ಕಟ್ಟೆ ಹತ್ತಿರವೇ ನಿಂತು ತನ್ನದನ್ನು ತಿಂದುಬಿಡುತ್ತಾಳೆ. ಉಪ್ಪು ನೋಡುವುದಕ್ಕೆ ಮಾತ್ರ ಮಗಳನ್ನು ಕರೆಯುತ್ತಾಳೆ."

ನನ್ನ ನಿದ್ದೆ ಕೆಡಿಸಿದ್ದು ಈ ಬ್ರಾಕೆಟ್.

ಎಂಟು ತಿಂಗಳು ಅಂದರೆ ಹತ್ತಿರ ಹತ್ತಿರ 240 ದಿನ. ಬೆಳಿಗ್ಗೆ ಉಪ್ಪಿಟ್ಟೋ ಅವಲಕ್ಕಿಯೋ, ಮಕ್ಕಳ ಡಬ್ಬಿ, ಮಧ್ಯಾಹ್ನ ರೊಟ್ಟಿ, ಪಲ್ಯ, ಅನ್ನ, ಸಾರು, ಸಂಜೆ ನಿಮ್ಮ ತಾಯಿಗೆ ಚಹಾ, ರಾತ್ರಿ ಮತ್ತೆ ಒಲೆ. ತಾನು ಒಂದು ತುತ್ತೂ ತಿನ್ನದ ಅಡುಗೆಯ ಮುಂದೆ ಒಂದು ಹೆಂಗಸು ಇಷ್ಟು ದಿನ ನಿಂತಿದ್ದಾಳೆ. ಒಗ್ಗರಣೆಯ ಹೊಗೆ ಕುಡಿದಿದ್ದಾಳೆ, ಬಾಯಿಗೆ ಹಾಕಿಕೊಂಡಿಲ್ಲ. ಇದನ್ನು ನೀವು "ಕೊರತೆ ಮಾಡಿಲ್ಲ" ಅಂತ ಬರೆಯುತ್ತೀರಿ. ನಾನು ಓದಿದ್ದು ಬೇರೆ. ಆ ಮನೆಯಲ್ಲಿ ದಿನವಿಡೀ ಆಕೆ ಬೇರೆಯವರಿಗೋಸ್ಕರ ಬೇಯಿಸುತ್ತಾರೆ, ಹೆಚ್ಚಿದ ಸೌತೆಕಾಯಿ ಒಂದೇ ಆಕೆಗೆ ಬೇಯಿಸದೆ ಸಿಗುವ ಊಟ. ಆಕೆಯ ಹಸಿ ಊಟದ ಅರ್ಧ ಕಾರಣ ಅಲ್ಲೇ ಇದೆ ಅಂತ ನನಗೆ ಅನಿಸುತ್ತದೆ. ವಿಡಿಯೋ ಆಮೇಲೆ.

ಇದನ್ನು ಎಷ್ಟು ಸಲ ಬರೆದರೂ ನನಗೆ ಬೇಸರವಿಲ್ಲ. ಬೇಯಿಸುವವರಿಗೆ ಬಿಸಿ ಊಟ ಸಿಗಬೇಕು. ನಮ್ಮಮ್ಮ ರೊಟ್ಟಿ ಬಡಿಯುತ್ತಿದ್ದಳು, ಹಂಚಿನ ಮೇಲೆ ಉಬ್ಬಿದ ರೊಟ್ಟಿಯನ್ನು ಬೆರಳಲ್ಲೇ ತಿರುವಿ ನಮ್ಮ ತಟ್ಟೆಗೆ ಎಸೆಯುತ್ತಿದ್ದಳು, ನಾವು ಏಳು ಜನ ಸಾಲಾಗಿ ಕೂತು ತಿನ್ನುತ್ತಿದ್ದೆವು. ಅವಳು ಬಿಸಿ ರೊಟ್ಟಿ ತಿಂದದ್ದನ್ನು ನಾನು ನೋಡಿಯೇ ಇಲ್ಲ. ಅವಳ ಪಾಲಿಗೆ ಯಾವಾಗಲೂ ಅಂಚು ಸೀದ ಕೊನೆಯ ರೊಟ್ಟಿ, ತಣ್ಣಗಾದ ಪಲ್ಯ. ಅವಳೂ ನಿಂತೇ ತಿನ್ನುತ್ತಿದ್ದಳು. ಅವಳಿಗೆ ಏನು ಇಷ್ಟ ಅಂತ ನಾನು ಒಂದು ದಿನವೂ ಕೇಳಲಿಲ್ಲ. ಈಗ ಕೇಳೋಣ ಅಂದರೆ ಅವಳಿಲ್ಲ.

ಇನ್ನು ಹಸಿ ಊಟದ ವಿಷಯ. ಅದನ್ನು ಸುಮ್ನೆ ಬಿಡುವ ಹಾಗಿಲ್ಲ, ಯಾಕೆಂದರೆ ಆಕೆಯ ಆರೋಗ್ಯ ಅಲ್ಲಿದೆ. ಈ ಪದ್ಧತಿಯವರು ಸಾಮಾನ್ಯವಾಗಿ 40ರಿಂದ 48 ಡಿಗ್ರಿ ಸೆಲ್ಸಿಯಸ್‌ಗಿಂತ ಜಾಸ್ತಿ ಬಿಸಿ ಮಾಡಿದ್ದನ್ನು ಮುಟ್ಟಲ್ಲ. ಅದಕ್ಕಿಂತ ಬಿಸಿಯಾದರೆ ತರಕಾರಿಯಲ್ಲಿರುವ ಕಿಣ್ವಗಳು, ಅಂದರೆ ಎನ್‌ಜೈಮ್‌ಗಳು, ಸತ್ತುಹೋಗುತ್ತವೆ ಅನ್ನುವುದು ಅವರ ವಾದ. ಬಿಸಿಗೆ ಕೆಡುವುದು ನಿಜ. ಆದರೆ ಹಸಿಯಾಗಿ ತಿಂದರೂ ಅವುಗಳಲ್ಲಿ ಬಹುಪಾಲು ಹೊಟ್ಟೆಯ ಆಮ್ಲದಲ್ಲೇ ಒಡೆದುಹೋಗುತ್ತವೆ. ನಮಗೆ ಜೀರ್ಣಕ್ಕೆ ಬೇಕಾದ್ದನ್ನು ನಮ್ಮ ದೇಹವೇ ತಯಾರಿಸಿಕೊಳ್ಳುತ್ತದೆ. ಬೇಯಿಸಿದರೆ ವಿಟಮಿನ್ ಸಿ ಒಂದಿಷ್ಟು ಹೋಗುತ್ತದೆ, ಅದೂ ನಿಜ. ಟೊಮೆಟೊದ ಕೆಂಪು ಬಣ್ಣದಲ್ಲಿರುವ ಲೈಕೋಪೀನ್ ಮಾತ್ರ ಬೇಯಿಸಿದರೇ ಮೈಗೆ ಚೆನ್ನಾಗಿ ಹತ್ತುತ್ತದೆ, ನಿಮ್ಮ ಮನೆಯ ಟೊಮೆಟೊ ಸಾರಿನಲ್ಲಿ ಇರುವುದು ಅದೇ.

"ಮಂಡಕ್ಕಿ ಕೂಡ ಮುಟ್ಟಲ್ಲ, ಅದೇನು ಬೇಯಿಸಿದ್ದಾ?" ಅಂತ ಕೇಳಿದ್ದೀರಿ. ಹೌದು ತಮ್ಮಾ, ಬೇಯಿಸಿದ್ದೇ. ಮಂಡಕ್ಕಿ ಭಟ್ಟಿಗಳ ಊರಲ್ಲಿ ಹುಟ್ಟಿ ಇದು ಗೊತ್ತಿಲ್ಲ ಅಂದರೆ ಹೇಗೆ? ಭತ್ತ ನೆನೆಸಿ, ಬೇಯಿಸಿ, ಒಣಗಿಸಿ, ಅಕ್ಕಿ ಮಾಡಿಸಿ, ಕಾದ ಮರಳಲ್ಲಿ ಹುರಿದರೆ ಅದು ಉಬ್ಬುವುದು. ದಾವಣಗೆರೆಯಲ್ಲಿದ್ದುಕೊಂಡು ಸಂಜೆ ಐದು ಗಂಟೆಗೆ ಖಾರ ಮಂಡಕ್ಕಿ, ಮಿರ್ಚಿ ಬಿಟ್ಟು ಎಂಟು ತಿಂಗಳು ಇರಬೇಕು ಅಂದರೆ ಎಂಥಾ ಹಟ ಬೇಕು ಯೋಚಿಸಿ. ಆ ಹಟಕ್ಕೆ ನಾನು ಮರ್ಯಾದೆ ಕೊಡುತ್ತೇನೆ.

ಆದರೆ ಮೂರು ವಿಷಯ ಆಕೆಗೆ ಗೊತ್ತಿರಲೇಬೇಕು. ಸೋರೆಕಾಯಿ ಜ್ಯೂಸ್ ಮಾಡುವ ಮುಂಚೆ ಒಂದು ಚೂರು ಕತ್ತರಿಸಿ ನಾಲಿಗೆಗೆ ಹಚ್ಚಿ ನೋಡಬೇಕು. ಕಹಿ ಇದ್ದರೆ ಇಡೀ ಕಾಯಿಯನ್ನೇ ಎಸೆಯಬೇಕು. ಕಹಿ ಸೋರೆಕಾಯಿಯ ರಸ ವಿಷ, ಅದನ್ನು ಕುಡಿದು ನಮ್ಮ ದೇಶದಲ್ಲೇ ಜನ ಸತ್ತಿದ್ದಾರೆ. ಮೊಳಕೆ ಕಾಳಿನ ವಿಷಯದಲ್ಲೂ ಎಚ್ಚರ ಬೇಕು. 2011ರಲ್ಲಿ ಜರ್ಮನಿಯಲ್ಲಿ ಹಸಿ ಮೊಳಕೆಯಿಂದ ರೋಗಾಣು ಹರಡಿ 50ಕ್ಕೂ ಹೆಚ್ಚು ಜನ ತೀರಿಕೊಂಡರು, ಹುಡುಕಿದಾಗ ಸಿಕ್ಕಿದ್ದು ಮೆಂತ್ಯದ ಮೊಳಕೆ. ಬೆಚ್ಚಗೆ, ಒದ್ದೆಯಾಗಿ ಎರಡು ದಿನ ಬಟ್ಟೆಯಲ್ಲಿ ಕಟ್ಟಿಟ್ಟರೆ ಕಾಳಿನ ಜೊತೆ ರೋಗಾಣುವೂ ಬೆಳೆಯುತ್ತದೆ. ಒಂದು ಕುದಿ ಬರಿಸಿ ತಿಂದರೆ ಆಕೆಯ ವ್ರತ ಕೆಡಬಹುದು, ಹೊಟ್ಟೆ ಕೆಡಲ್ಲ.

ಮೂರನೆಯದು ನಿಮಗೇ ಹೇಳುವುದು. 1999ರಲ್ಲಿ ಜರ್ಮನಿಯ ಒಂದು ಅಧ್ಯಯನ ಪ್ರಕಟವಾಯಿತು. ಬಹಳ ಕಾಲದಿಂದ ಹಸಿ ಆಹಾರವನ್ನೇ ತಿನ್ನುತ್ತಿದ್ದ 513 ಜನರನ್ನು ವಿಚಾರಿಸಿದ್ದರು. 45ರೊಳಗಿನ ಹೆಂಗಸರಲ್ಲಿ ಸುಮಾರು ನೂರಕ್ಕೆ 30 ಜನರಿಗೆ ಮುಟ್ಟು ಏರುಪೇರಾಗಿತ್ತು, ಕೆಲವರಿಗೆ ನಿಂತೇಹೋಗಿತ್ತು. ಮೈಗೆ ಸಾಕಾಗುವಷ್ಟು ಊಟ ಸಿಗದಿದ್ದಾಗ ಹೀಗಾಗುತ್ತದೆ. ನಿಮ್ಮ ಹೆಂಡತಿಗೆ 38, ಏಳು ಕೆಜಿ ಇಳಿದಿದ್ದಾರೆ, ಹಾಲು ಮೊಸರೂ ಬಿಟ್ಟಿದ್ದಾರೆ. ಶಾಕಾಹಾರಿಗಳಿಗೆ ಬಿ12 ವಿಟಮಿನ್ ಹೆಚ್ಚಾಗಿ ಸಿಗುವುದು ಹಾಲು ಮೊಸರಿನಿಂದ. ಮುಟ್ಟು ಸರಿಯಾಗಿ ಆಗುತ್ತಿದೆಯಾ ಅಂತ ನೀವು ಬರೆದಿಲ್ಲ, ಬಹುಶಃ ನಿಮಗೆ ಗೊತ್ತಿಲ್ಲ. ಕೇಳಿ. ತಾಯಿಯ ಎದುರು ಬೇಡ, ಮಕ್ಕಳ ಎದುರೂ ಬೇಡ. ಏರುಪೇರಾಗಿದ್ದರೆ ಲೇಡಿ ಡಾಕ್ಟರ್ ಹತ್ತಿರ ಜೊತೆಗೆ ಹೋಗಿ. ಆಗಿರಲಿ ಬಿಡಲಿ, ಹಿಮೋಗ್ಲೋಬಿನ್ ಮತ್ತು ಬಿ12 ಪರೀಕ್ಷೆ ಈ ವಾರವೇ ಮಾಡಿಸಿ. ಇದು ಆಕೆಯನ್ನು ಸೋಲಿಸುವುದಕ್ಕೆ ಸಿಕ್ಕ ಅಸ್ತ್ರ ಅಂದುಕೊಳ್ಳಬೇಡಿ. "ನೋಡಿದ್ಯಾ, ನಾನು ಹೇಳಿರಲಿಲ್ವಾ" ಅನ್ನುವ ಮಾತು ನಿಮ್ಮ ಬಾಯಿಂದ ಬಂದರೆ ಆಕೆ ನಾಳೆಯಿಂದ ಇನ್ನೂ ಕಡಿಮೆ ತಿನ್ನುತ್ತಾರೆ.

ಈಗ ನಿಮ್ಮ ಗೆಳೆಯನ ವಿಷಯಕ್ಕೆ ಬರುತ್ತೇನೆ. ಗಂಡ ಹೆಂಡತಿಯ ಭಾನುವಾರ ಅಂತ ಶುರು ಮಾಡಿ, ಎರಡನೇ ಪುಟದಲ್ಲಿ "ನಮ್ಮ ಜೊತೆ ನನ್ನ ಬಾಲ್ಯದ ಗೆಳೆಯನೂ ಇರುತ್ತಾನೆ, ಮೊದಲಿಂದಲೂ" ಅಂತ ಹೇಳಿದ್ದೀರಿ. ಮೂರನೇ ಪುಟದಲ್ಲಿ ಅವನು ಆಕೆಯನ್ನು ನೋಡಿ "ಅತ್ತಿಗೆ, ನಿಮಗೆ ಒಂದು ಕಟ್ಟು ಮೇವು ತರಿಸಲಾ?" ಅಂದನಂತೆ, ಎಲ್ಲರೂ ನಕ್ಕರಂತೆ. ಎಲ್ಲರೂ ಅಂದರೆ ಯಾರು? ನೀವು, ಅವನು, ಪಕ್ಕದ ಟೇಬಲ್‌ನವರು. ಆಕೆ ಬರುವುದನ್ನು ನಿಲ್ಲಿಸಿದ್ದು ಅದರ ಮುಂದಿನ ಭಾನುವಾರ. ಪತ್ರ ನೀವೇ ಬರೆದಿದ್ದೀರಿ, ಈ ಎರಡನ್ನೂ ಜೋಡಿಸಿ ನೋಡಿಲ್ಲ. ಹದಿನಾರು ವರ್ಷದಿಂದ ಹೆಂಡತಿಯ ಭಾನುವಾರದಲ್ಲಿ ಪಾಲು ತೆಗೆದುಕೊಂಡವನು, ಆಕೆಯ ತಟ್ಟೆ ನೋಡಿ ನಗುತ್ತಾನೆ. ಅವನ ಮೇಲೆ ನನಗೆ ಒಂದು ಚೂರೂ ಕನಿಕರ ಇಲ್ಲ. ಅವನಿಗೆ ದೋಸೆ ಬೇಕಿದ್ದರೆ ಶನಿವಾರ ಹೋಗಲಿ.

ನಿಮ್ಮ ಮೇಲೆ ಸ್ವಲ್ಪ ಕನಿಕರ ಇದೆ. ಒಂದೇ ಹೋಟೆಲ್, ಒಂದೇ ತಿಂಡಿ ಬೇಕು ಅನ್ನುವುದು ತಪ್ಪಲ್ಲ. ಕಟ್ಟಿಗೆ ಒಲೆಯ ಹೊಗೆ, ಹಂಚಿನ ಮೇಲೆ ನೀರು ಚಿಮುಕಿಸಿದಾಗ ಏಳುವ ಸದ್ದು, ಗರಿಯಾದ ದೋಸೆಯ ಮೇಲೆ ಕರಗುತ್ತಾ ಜಾರುವ ಬೆಣ್ಣೆ ಉಂಡೆ, ಬಿಳಿ ಪಲ್ಯ, ತೆಳ್ಳಗಿನ ಕಾಯಿ ಚಟ್ನಿ. ವಾರವಿಡೀ ಅಂಗಡಿಯಲ್ಲಿ ನಿಂತು ದುಡಿದವರಿಗೆ ಅಲ್ಲಿ ಹೋಗಿ ಕೂತರೆ ಮನೆಗೆ ಬಂದ ಹಾಗೆ ಅನಿಸುತ್ತದೆ, ನನಗೆ ಅರ್ಥವಾಗುತ್ತದೆ. ಆದರೆ ಒಂದು ಮಾತು. ನೀವು ಬಿಡಲಾರೆ ಅನ್ನುವ ಈ ದೋಸೆಯೇ ಒಂದು ಕಾಲಕ್ಕೆ ಊರಿಗೆ ಹೊಸದು. 1928ರ ಸುಮಾರಿಗೆ ಬೆಳಗಾವಿ ಕಡೆಯಿಂದ ಮಕ್ಕಳನ್ನು ಕಟ್ಟಿಕೊಂಡು ಬಂದ ಚೆನ್ನಮ್ಮ ಎಂಬ ಹೆಂಗಸು ಇಲ್ಲಿನ ನಾಟಕದ ಥಿಯೇಟರ್ ಹತ್ತಿರ ರಾಗಿ ಹಿಟ್ಟಿನ ದೋಸೆ ಮಾಡಿ ಮಾರುತ್ತಿದ್ದರು, ಅಕ್ಕಿ ದೋಸೆಗೆ ಬದಲಾಗಿದ್ದು ಆಮೇಲೆ ಅವರ ಮಕ್ಕಳ ಕಾಲಕ್ಕೆ ಅಂತ ಊರವರು ಹೇಳುತ್ತಾರೆ. ಅವತ್ತು ಯಾರೋ ಪರ ಊರಿನ ಹೆಂಗಸು ಮಾಡಿದ ಕಾಣದ ತಿಂಡಿಯನ್ನು ಬಾಯಿಗಿಟ್ಟರು ಅಂತ ತಾನೇ ಇವತ್ತು ನಿಮಗೆ ಈ ಭಾನುವಾರ ಸಿಕ್ಕಿದ್ದು?

ಇನ್ನು ಹಸಿ ತಿನ್ನುವುದೇನು ನಮಗೆ ಹೊಸದಲ್ಲ. ರಾಮನವಮಿಯ ಕೋಸಂಬರಿ ಹಸಿಯೇ. ಜೋಳದ ರೊಟ್ಟಿ ಜೊತೆ ಹಸಿ ಈರುಳ್ಳಿ, ಮೂಲಂಗಿ, ಮೆಂತ್ಯ ಸೊಪ್ಪು, ಹಕ್ಕರಿಕೆ ಸೊಪ್ಪು ಹಸಿಯೇ, ಮೇಲೊಂದಿಷ್ಟು ಗುರೆಳ್ಳು ಚಟ್ನಿಪುಡಿ, ಮೊಸರು. ನಮ್ಮ ಹಿರಿಯರ ತಟ್ಟೆಯಲ್ಲಿ ಹಸಿಯೂ ಇತ್ತು, ಬೆಂದದ್ದೂ ಇತ್ತು. ಆ ಪಪ್ಪಾಯಿ ಸಲಾಡ್ ಕೂಡ ಅಷ್ಟೇ. ಮನೆಯಲ್ಲಿ ಹಸಿರು ಪಪ್ಪಾಯಿ ಕಾಯಿ ತಂದು ತುರಿದು ಮಾಡಬಹುದು. ಹೋಟೆಲ್‌ನಲ್ಲಿ ತಿನ್ನುವಾಗ ಮಾತ್ರ ಮೀನಿನ ಸಾಸ್, ಒಣ ಸೀಗಡಿ ಬೇಡ ಅಂತ ಮೊದಲೇ ಹೇಳಿ, ಅದರಲ್ಲಿ ಸಾಮಾನ್ಯವಾಗಿ ಹಾಕುತ್ತಾರೆ.

ಎರಡನೇ ಪ್ಲೇಟ್ ಹೇಳಿದಳು ಅಂತ ನೀವು ದೂರಿನ ಹಾಗೆ ಬರೆದಿದ್ದೀರಿ. ನನಗೆ ಅದನ್ನು ಓದಿ ಖುಷಿಯಾಯಿತು. ಹದಿನಾರು ವರ್ಷದಲ್ಲಿ ಬಹುಶಃ ಮೊದಲ ಸಲ ಆಕೆ ತನಗೆ ಬೇಕಾದ್ದನ್ನು ತಾನೇ ಕೇಳಿ ತರಿಸಿಕೊಂಡರು. ಭಾನುವಾರ ಹೋಟೆಲ್‌ನಲ್ಲಿ ಮಾಣಿ ಬಂದು "ಎಷ್ಟು?" ಅಂದಾಗ ಏನಾಗುತ್ತದೆ ಅಂತ ನನಗೆ ಗೊತ್ತು, ಎಷ್ಟೋ ಟೇಬಲ್‌ಗಳಲ್ಲಿ ನೋಡಿದ್ದೇನೆ. ಗಂಡ ಮೊಬೈಲ್‌ನಿಂದ ತಲೆ ಎತ್ತದೆ ಮೂರು ಬೆರಳು ತೋರಿಸುತ್ತಾನೆ. ಹೆಂಡತಿ ಬಾಯಿ ತೆರೆಯುವುದರೊಳಗೆ ಮಾಣಿ ಹೋಗಿರುತ್ತಾನೆ. ಆಕೆಗೆ ಖಾಲಿ ದೋಸೆ ಬೇಕಿತ್ತೋ ಓಪನ್ ದೋಸೆ ಬೇಕಿತ್ತೋ, ಯಾರಿಗೂ ಗೊತ್ತಾಗಲ್ಲ.

ಹಾಗಾಗಿ ಆಕೆಯನ್ನು ದೋಸೆಗೆ ಕರೆತರುವ ದಾರಿ ನಾನು ಹೇಳಲ್ಲ. ಹೇಳುವುದು ಒಂದೇ ಕೆಲಸ. ಇನ್ನು ಮುಂದೆ ನಿಮ್ಮ ಮನೆಯಲ್ಲಿ ರಾತ್ರಿ ಅಡುಗೆ ನಿಮ್ಮದು. ಪ್ರತಿ ರಾತ್ರಿ. ಒಂದು ದಿನ ಮಾಡಿ ಫೋಟೋ ತೆಗೆದು ಹಾಕಿಕೊಳ್ಳುವುದಲ್ಲ. ಅಂಗಡಿ ಬಾಗಿಲು ಒಂದು ಗಂಟೆ ಮುಂಚೆ ಹಾಕಿ ಬನ್ನಿ. ಬರಲ್ಲ ಅನ್ನಬೇಡಿ, ಅನ್ನ ಮತ್ತು ತಿಳಿಸಾರು ಮಾಡಲು ಯಾರಿಗೂ ಮೂರು ದಿನಕ್ಕಿಂತ ಜಾಸ್ತಿ ಬೇಕಾಗಲ್ಲ. ಸಾರಿಗೆ ಉಪ್ಪು ಸರಿಯಾಗಿದೆಯಾ ಅಂತ ನೀವೇ ನೋಡಿ. ಆಕೆ ಹಸಿಯೇ ತಿನ್ನುತ್ತೇನೆ ಅಂದರೆ ಆ ಸೌತೆಕಾಯಿಯನ್ನೂ ನೀವೇ ತೊಳೆದು ಹೆಚ್ಚಿ, ಒಂದು ಹಿಡಿ ಶೇಂಗಾ, ಕಾಯಿತುರಿ ಹಾಕಿ, ನಿಂಬೆಹಣ್ಣು ಹಿಂಡಿ. ನಿಮ್ಮ ತಾಯಿ ಏನಾದರೂ ಅಂದರೆ ಉತ್ತರ ನೀವು ಕೊಡಿ, ಆಕೆಗೆ ಬಿಡಬೇಡಿ. ಬಡಿಸುವಾಗ ಐದು ತಟ್ಟೆ ಇಡಿ. ಐದನೆಯದು ಅಡುಗೆಮನೆ ಕಟ್ಟೆಯ ಮೇಲೆ ಬೇಡ, ನಿಮ್ಮ ಪಕ್ಕದಲ್ಲೇ ಇರಲಿ. ಆಕೆ ಬಂದು ಕೂತ ಮೇಲೆ ನೀವು ಮೊದಲ ತುತ್ತು ತಿನ್ನಿ.