ಅದು ಮಂದಾವ್, ಹಿಡಿಯನ್ನು ಚೆನ್ನಾಗಿ ನೋಡಿ

ನಿಮ್ಮ ಮಾವ ಬೋರ್ನಿಯೊದಿಂದ ತಂದ ಕತ್ತಿ ಹಳೆಯದೋ, ಪ್ರವಾಸಿಗರಿಗಾಗಿ ಮಾಡಿದ್ದೋ ಅಂತ ಕೇಳಿದ್ದೀರಿ. ಫೋಟೊದಲ್ಲಿ ಕಾಣುವಷ್ಟರ ಮಟ್ಟಿಗೆ ಅದು ಬೋರ್ನಿಯೊ ದ್ವೀಪದ ಮೂಲನಿವಾಸಿ ದಯಾಕ್ ಜನರ ಸಾಂಪ್ರದಾಯಿಕ ಕತ್ತಿ, ಮಂದಾವ್. ಮೊದಲು ಅಲಗನ್ನು ತುದಿಯ ಕಡೆಯಿಂದ ನೋಡಿ. ಹಳೆಯ ಒಳ್ಳೆ ಕತ್ತಿಗಳಲ್ಲಿ ಒಂದು ಮೈ ಉಬ್ಬಿರುತ್ತದೆ, ಇನ್ನೊಂದು ಚಪ್ಪಟೆ ಅಥವಾ ಸ್ವಲ್ಪ ತಗ್ಗು. ಅದಕ್ಕೇ ಬಲಗೈಯವರಿಗೆ ಬೇರೆ, ಎಡಚರಿಗೆ ಬೇರೆ. ಎರಡೂ ಕಡೆ ಸಪಾಟಾದ ತೆಳು ತಗಡಾದರೆ ಸುಮ್ನೆ ಗೋಡೆಗೆ ತೂಗುಹಾಕಲು ಮಾಡಿದ್ದು.

ಜಾಸ್ತಿ ಹೊತ್ತು ಹಿಡಿಯ ಮೇಲೆ ಕಳೆಯಿರಿ. ಒಳ್ಳೆಯವು ಕಡವೆ ಕೊಂಬಿನವು. ನಮ್ಮ ಮಲೆನಾಡಿನ ಕಡವೆಯೇ ಅಲ್ಲೂ ಇದೆ ಅಲ್ವಾ. ಹಿಡಿಯಲ್ಲಿ ಕೆತ್ತಿದ ಸುರುಳಿಗಳ ನಡುವೆ ಕಣ್ಣು, ತೆರೆದ ದವಡೆ, ಕೋರೆಹಲ್ಲು ಕಾಣುತ್ತವಾ? ಅದು 'ಅಸೊ', ನಾಯಿಯೂ ಡ್ರ್ಯಾಗನ್ನೂ ಬೆರೆತ ಕಾವಲು ಪ್ರಾಣಿ. ದಯಾಕರಲ್ಲೇ ಸೇರಿದ ಕಾಯಾನ್, ಕೆನ್ಯಾಹ್ ಜನರ ಕೆತ್ತನೆಯಲ್ಲಿ ಮತ್ತೆ ಮತ್ತೆ ಬರುತ್ತದೆ. ಗೀರು ಆಳವಾಗಿದ್ದು, ಅಂಚು ಕೈ ತಾಗಿ ನುಣುಪಾಗಿದ್ದರೆ ಒಳ್ಳೆ ಸುಳಿವು. ಕೆತ್ತನೆಯ ತಗ್ಗುಗಳಲ್ಲಿ ಸಣ್ಣ ಗಾಳಿಗುಳ್ಳೆ ಕಂಡರೆ ಅದು ಕೊಂಬಲ್ಲ, ಅಚ್ಚಿಗೆ ಹೊಯ್ದ ರೆಸಿನ್ (ಪ್ಲಾಸ್ಟಿಕ್ಕಿನಂಥ ವಸ್ತು) ಇರಬಹುದು.

ಒರೆಯ ಪಕ್ಕದಲ್ಲಿ ಸಣ್ಣ ಚಾಕುವಿನ ಗೂಡು ಇರಬೇಕು. ಚಾಕು ಕಳೆದಿದ್ದರೂ ಪರವಾಗಿಲ್ಲ. ತುಕ್ಕು ಅಂತ ಉಜ್ಜಬೇಡಿ ಮಾತ್ರ. ಅಲಗಿನಲ್ಲಿ ಹಿತ್ತಾಳೆ ಚುಕ್ಕೆಗಳಿದ್ದರೆ ಹತ್ತಿರದಿಂದ ಒಂದು ಫೋಟೊ ಹಾಕಿ.